ಸಹವಾಸ ದೋಷವೆಂಬ ಸುಲಭದ ನೆಪ

ಕಾಲೇಜಿಗೆ ಹೋಗುವ ಮಗನ ಜೇಬಿನಲ್ಲಿ ಸಿಗರೇಟು ಸಿಕ್ಕಿದರೆ ನಮ್ಮ ಮನೆಗಳಲ್ಲಿ ಮೊದಲು ಬೀಳುವ ಪ್ರಶ್ನೆ: ‘ಯಾರ ಸಹವಾಸ ಮಾಡಿದ್ದೀಯೋ?’ ಅದೇ ಹೊತ್ತಿಗೆ ಎರಡು ಬೀದಿ ಆಚೆ, ಅವನ ಗೆಳೆಯನ ಮನೆಯಲ್ಲೂ ಅದೇ ಪ್ರಶ್ನೆ ಬಿದ್ದಿರುತ್ತದೆ. ಅಲ್ಲಿ ಕೆಟ್ಟ ಸಹವಾಸ ಎಂದರೆ ಈ ಮನೆಯ ಮಗ. ಹೀಗೆ ಊರಿನ ಹುಡುಗರೆಲ್ಲ ಬೇರೆಯವರ ಮನೆಯ ಹುಡುಗರಿಂದಲೇ ಕೆಡುತ್ತಾರೆ. ಮೊದಲು ಕೆಡಿಸಿದ ಆ ಮೂಲಪುರುಷ ಮಾತ್ರ ಯಾರ ಮನೆಯಲ್ಲೂ ಹುಟ್ಟಿಲ್ಲ.

ಈ ತರ್ಕ ಮನೆಯ ಜಗಳದಲ್ಲೇ ಮುಗಿದಿದ್ದರೆ ಅದಕ್ಕೆ ಉತ್ತರ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಆದರೆ ಪ್ರಾಂಶುಪಾಲರ ಭಾಷಣದಲ್ಲಿ, ಪೊಲೀಸರ ಜಾಗೃತಿ ಸಭೆಯಲ್ಲಿ, ಪತ್ರಿಕೆಗಳ ಓದುಗರ ಪತ್ರಗಳಲ್ಲಿ, ಒಮ್ಮೊಮ್ಮೆ ವೈದ್ಯರ ಬಾಯಲ್ಲೂ ಕೇಳಿಬರುವುದು ಇದೇ ಮಾತು. ಇಂದಿನ ಯುವಕರು ಸಿಗರೇಟು ಸೇದುವುದಕ್ಕೆ ಇವರೆಲ್ಲ ಕೊಡುವ ಕಾರಣ ಮೂರು: ತಿಳಿವಳಿಕೆ ಇಲ್ಲ, ಗೆಳೆಯರು ಸರಿಯಿಲ್ಲ, ಮನಸ್ಸು ಗಟ್ಟಿಯಿಲ್ಲ. ಮೂರೂ ಕಾರಣಗಳು ಇಡೀ ಹೊಣೆಯನ್ನು ಹುಡುಗನ ತಲೆಗೋ ಪಕ್ಕದ ಹುಡುಗನ ತಲೆಗೋ ಕಟ್ಟಿ ಕೈತೊಳೆದುಕೊಳ್ಳುತ್ತವೆ. ಸಿಗರೇಟು ತಯಾರಿಸಿದವರು, ಮಾರಿದವರು, ಅದರ ತೆರಿಗೆ ಎಣಿಸಿಕೊಂಡವರು, ಹತ್ತು ನಿಮಿಷ ಬಿಡುವು ಬೇಕಾದರೆ ಸಿಗರೇಟನ್ನೇ ನೆಪ ಮಾಡಿಕೊಳ್ಳಬೇಕಾದಂಥ ಕೆಲಸದ ಜಾಗಗಳನ್ನು ಕಟ್ಟಿದವರು, ಯಾರೂ ಈ ಲೆಕ್ಕದಲ್ಲಿ ಬರುವುದಿಲ್ಲ. ಹೀಗೆ ಬಲ್ಲಿದರನ್ನೆಲ್ಲ ಬಿಟ್ಟು ಬಡಪಾಯಿಯನ್ನು ಹಿಡಿಯುವ ಸಿದ್ಧಾಂತ ಜನಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ. ಅದು ಸರಿಯೇ ಎಂಬುದು ಬೇರೆ ಪ್ರಶ್ನೆ.

ಮೊದಲು ತಿಳಿವಳಿಕೆಯ ಮಾತು. 2016–17ರಲ್ಲಿ ದೇಶದಾದ್ಯಂತ ನಡೆದ ಎರಡನೇ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಧೂಮಪಾನದಿಂದ ಗಂಭೀರ ಕಾಯಿಲೆ ಬರುತ್ತದೆ ಎಂದವರು ಶೇ 92.4ರಷ್ಟು ಮಂದಿ. ಈ ದೇಶದಲ್ಲಿ ಇಷ್ಟು ಜನ ಒಪ್ಪುವ ಇನ್ನೊಂದು ಸಂಗತಿಯನ್ನು ಹುಡುಕುವುದು ಕಷ್ಟ. 2012ರ ಅಕ್ಟೋಬರ್‌ನಿಂದ ತಂಬಾಕಿನ ದೃಶ್ಯವಿರುವ ಸಿನಿಮಾಗಳ ಜತೆಗೆ ಎಚ್ಚರಿಕೆಯ ಚಿತ್ರ ತೋರಿಸುವುದು ಕಡ್ಡಾಯವಾಗಿದೆ. ಥಿಯೇಟರಿನ ಹಿಂದಿನ ಸಾಲಿನ ಹುಡುಗರು ಆ ಗಡಸು ದನಿಯನ್ನು ಪದ ಬಿಡದೆ ಅಣಕಿಸಿ ನಗುತ್ತಾರೆ, ಇಂಟರ್‌ವಲ್‌ನಲ್ಲಿ ಎದ್ದು ಹೊರಗೆ ಹೋಗಿ ಸೇದುತ್ತಾರೆ. ಪಾಠ ಕಂಠಪಾಠವಾಗಿದೆ. ಶ್ವಾಸಕೋಶವನ್ನು ಸೀಳಿ ನೋಡಿದ ವೈದ್ಯಕೀಯ ವಿದ್ಯಾರ್ಥಿಗಳಲ್ಲೂ ಸೇದುವವರಿದ್ದಾರೆ. ಅವರಿಗೆ ಇನ್ನೆಷ್ಟು ಅರಿವು ಮೂಡಿಸುವುದು?

ಗೊತ್ತಿದ್ದೂ ಸೇದುವುದು ಹುಚ್ಚುತನವೇನಲ್ಲ, ಅದಕ್ಕೆ ಅದರದೇ ಲೆಕ್ಕಾಚಾರವಿದೆ. ಐವತ್ತರಲ್ಲಿ ಬರುವ ಕ್ಯಾನ್ಸರು ಇಪ್ಪತ್ತರ ಹುಡುಗನ ಪಾಲಿಗೆ ಬೇರೆ ಯಾರದೋ ಕಾಯಿಲೆ. ಅಷ್ಟರೊಳಗೆ ಬಿಟ್ಟಿರುತ್ತೇನೆ ಎಂಬುದು ಅವನ ಪ್ರಾಮಾಣಿಕ ನಂಬಿಕೆ. ‘ಕೆಲಸ ಸಿಕ್ಕ ಮೇಲೆ ಬಿಡ್ತೀನಿ’, ‘ಮದುವೆ ಆದ್ಮೇಲೆ ಬಿಡ್ತೀನಿ’ ಎನ್ನುವಾಗ ಅವನು ಸುಳ್ಳು ಹೇಳುತ್ತಿಲ್ಲ. ಸಿಗರೇಟು ಕೆಟ್ಟದ್ದೆಂದು ಅವನಿಗೆ ಗೊತ್ತು. ಬಿಡುವುದು ಎಷ್ಟು ಕಷ್ಟವೆಂಬುದಷ್ಟೇ ಗೊತ್ತಿಲ್ಲ. ಇಷ್ಟು ವರ್ಷ ಕೊಳೆತ ಶ್ವಾಸಕೋಶದ ಚಿತ್ರ ತೋರಿಸಿದ ನಾವು ಆ ಎರಡನೆಯದನ್ನು ಹೇಳುವ ಗೋಜಿಗೆ ಹೋಗಿದ್ದು ಕಡಿಮೆ.

ಇನ್ನು ಗೆಳೆಯರ ಮಾತು. ಮೊದಲ ಸಿಗರೇಟು ಯಾರಿಗೂ ರುಚಿಸುವುದಿಲ್ಲ. ಕೆಮ್ಮು ಬರುತ್ತದೆ, ತಲೆ ಸುತ್ತುತ್ತದೆ, ಹೊಟ್ಟೆ ತೊಳೆಸುತ್ತದೆ. ಆದರೂ ಎರಡನೆಯದನ್ನು ಹಚ್ಚುತ್ತಾನೆಂದರೆ ಅವನಿಗೆ ಅದರಿಂದ ಹೊಗೆಯಾಚೆಗಿನದೇನೋ ಸಿಗುತ್ತಿರಬೇಕು. ಏನದು?

ಹಾವೇರಿಯ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಪಿಜಿಯೊಂದರಲ್ಲಿ ಮೂವರ ಜತೆ ಕೋಣೆ ಹಂಚಿಕೊಂಡ ಇಪ್ಪತ್ತೆರಡರ ಯುವಕನನ್ನು ನೆನೆಸಿಕೊಳ್ಳಿ. ಅವನ ಇಂಗ್ಲಿಷು ತಡವರಿಸುತ್ತದೆ. ಕಚೇರಿಯಲ್ಲಿ ಮಾತಿಗೆ ಸಿಗುವವರಿಲ್ಲ. ಕೆಳಗಿನ ಟೀ ಅಂಗಡಿಯ ಮುಂದೆ ಮಾತ್ರ ಟೀಮ್ ಲೀಡ್‌ನಿಂದ ಸೆಕ್ಯೂರಿಟಿಯವರವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ‘ಬೆಂಕಿ ಇದ್ಯಾ ಗುರು?’ ಎಂದರೆ ಸಾಕು, ಪರಿಚಯ ಆಯಿತು. ಯಾವ ಪ್ರಾಜೆಕ್ಟು ಮುಚ್ಚುತ್ತಿದೆ, ಯಾರಿಗೆ ಬಡ್ತಿ, ಯಾರ ಮೇಲೆ ಕೋಪ ಎಂಬುದೆಲ್ಲ ಮೀಟಿಂಗ್ ರೂಮಿಗಿಂತ ಮೊದಲು ತಿಳಿಯುವುದು ಅಲ್ಲೇ. ಇದಕ್ಕಿಂತ ದೊಡ್ಡದು ಬಿಡುವು. ‘ಒಂದು ದಮ್ ಎಳ್ಕೊಂಡು ಬರ್ತೀನಿ’ ಎಂದು ಎದ್ದವನನ್ನು ಯಾವ ಮ್ಯಾನೇಜರೂ ತಡೆಯುವುದಿಲ್ಲ. ‘ತಲೆ ಭಾರ ಆಗಿದೆ, ಹತ್ತು ನಿಮಿಷ ಸುಮ್ನೆ ಹೊರಗೆ ನಿಂತು ಬರ್ತೀನಿ’ ಎಂದು ಯಾರಾದರೂ ಹೇಳಿ ನೋಡಲಿ. ಅಂಗಳದಲ್ಲಿ ಸುಮ್ಮನೆ ನಿಲ್ಲುವವನು ಸೋಮಾರಿ, ಸಿಗರೇಟು ಹಿಡಿದು ನಿಲ್ಲುವವನು ಬ್ರೇಕ್‌ನಲ್ಲಿ ಇರುವವನು.

ಮನೆ ಬಾಗಿಲಿಗೆ ಊಟ ತಲುಪಿಸುವ ಹುಡುಗರ ಪಾಡು ಇನ್ನೂ ಬರಿಗೈಯದು. ಅವರಿಗೆ ಕಚೇರಿಯಿಲ್ಲ, ಕುರ್ಚಿಯಿಲ್ಲ, ಮಳೆ ಬಂದರೆ ನಿಲ್ಲಲು ಒಂದು ಸೂರಿಲ್ಲ. ಆರ್ಡರು ಬರುವವರೆಗೆ ಅವರನ್ನು ಎಬ್ಬಿಸಿ ಕಳಿಸದ ಜಾಗವೆಂದರೆ ಬೀಡಾ ಅಂಗಡಿಯ ಪಕ್ಕದ ಕಟ್ಟೆ. ಏನೂ ಕೊಳ್ಳದೆ ಅಲ್ಲಿ ಕೂರುವುದು ಹೇಗೆ? ಊಟಕ್ಕಿಂತ ಅಗ್ಗ, ಹಸಿವನ್ನು ಕೊಂಚ ಮಂಕು ಮಾಡುವ, ಐದು ನಿಮಿಷ ಹಿಡಿದು ಕೂರಬಹುದಾದ ವಸ್ತು ಅಲ್ಲಿ ಸಿಗುವುದು ಒಂದೇ. ಕೂರುವ ಜಾಗಕ್ಕೆ ಅವನು ಕೊಡುವ ಬಾಡಿಗೆಯಿದು. ಇದನ್ನು ಸಹವಾಸ ದೋಷ ಎನ್ನುವವರು ಆ ಕಟ್ಟೆಯ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಕೂತು ಬರಬೇಕು.

ಗೆಳೆಯರ ಪ್ರಭಾವ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಪ್ರಭಾವ ನಿಜ. ಆದರೆ ಆ ಪ್ರಭಾವಕ್ಕೆ ಇಂಥ ಕಸುವು ಬಂದದ್ದು ತಾನಾಗಿಯೇ ಅಲ್ಲ. 1973ರ ಫೆಬ್ರವರಿಯಲ್ಲಿ ಅಮೆರಿಕದ ಆರ್.ಜೆ. ರೆನಾಲ್ಡ್ಸ್ ತಂಬಾಕು ಕಂಪನಿಯ ಸಂಶೋಧನಾ ವಿಭಾಗದ ಕ್ಲಾಡ್ ಟೀಗ್ ಎಂಬ ಅಧಿಕಾರಿ ಒಂದು ಒಳಟಿಪ್ಪಣಿ ಬರೆದರು. ವಿಷಯ: ಯುವಜನರ ಮಾರುಕಟ್ಟೆಗೆ ಹೊಸ ಬ್ರ್ಯಾಂಡು. ಇನ್ನೂ ಸೇದದವರು, ಕಲಿಯುತ್ತಿರುವವರು, ಚಟಕ್ಕೆ ಬಿದ್ದವರು ಎಂದು ಮೂರು ಪಂಗಡ ಮಾಡಿ ಅವರು ಹೇಳಿದ್ದರ ಸಾರ ಹೀಗಿದೆ. ಮೊದಲ ಎರಡು ಪಂಗಡಕ್ಕೆ ಸಿಗರೇಟು ದೇಹಕ್ಕೆ ಕೊಡುವ ಅನುಭವ ಬೇಡವಾದದ್ದು, ಅಹಿತವಾದದ್ದು. ಆದ್ದರಿಂದ ಅವರನ್ನು ಸೆಳೆಯಬೇಕಾದದ್ದು ಮನಸ್ಸಿನ ಕಾರಣಗಳಿಂದ: ಗುಂಪಿಗೆ ಸೇರಿದವನೆಂಬ ಭಾವ, ಮುಜುಗರದ ಗಳಿಗೆಯಲ್ಲಿ ನಿರಾಳ, ಬೇಸರಕ್ಕೆ ಮದ್ದು, ತನ್ನ ಬಗ್ಗೆ ತನಗೇ ಒಂದು ಠೀವಿ, ಹೊಸದನ್ನು ಮಾಡಿ ನೋಡುವ ಹುಮ್ಮಸ್ಸು.

ಇದನ್ನು ಇನ್ನೊಮ್ಮೆ ಓದಿ. ನಮ್ಮ ಹಿರಿಯರು ಸಹವಾಸ ದೋಷ ಎನ್ನುವುದನ್ನು ಕಂಪನಿಯವರು ಮಾರಾಟದ ಯೋಜನೆ ಎಂದು ಬರೆದಿಟ್ಟಿದ್ದರು. ಹರೆಯದವರ ಒಂಟಿತನ, ಅಳುಕು, ಗೆಳೆತನದ ಹಸಿವು ಎಲ್ಲ ಕಾಲದಲ್ಲೂ ಇದ್ದದ್ದೇ. ಅವಕ್ಕೆಲ್ಲ ಬಿಳಿಯ ಕೊಳವೆಯೊಂದೇ ಉತ್ತರ ಎಂದು ಜೋಡಿಸಿಕೊಟ್ಟದ್ದು ಒಂದು ಉದ್ಯಮ. ಬಲೆ ನೇಯ್ದವನನ್ನು ಬಿಟ್ಟು, ಸಿಕ್ಕಿಬಿದ್ದ ಇಬ್ಬರಲ್ಲಿ ಯಾರು ಯಾರನ್ನು ಕರೆತಂದರು ಎಂದು ವಿಚಾರಣೆ ನಡೆಸುವುದು ನಮ್ಮ ಪದ್ಧತಿ.

ಇದು ಅಮೆರಿಕದ ಕತೆ, ನಮಗೆ ಸಂಬಂಧವಿಲ್ಲ ಎನ್ನುವವರಿಗೆ ಒಂದು ದಿನಾಂಕ ನೆನಪಿಸುತ್ತೇನೆ: 1996ರ ಮಾರ್ಚ್ 9. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಕೆಣಕಿದ ಆಮಿರ್ ಸೊಹೈಲ್‌ನ ವಿಕೆಟನ್ನು ಮರುಎಸೆತದಲ್ಲೇ ಉರುಳಿಸಿದ ವೆಂಕಟೇಶ್ ಪ್ರಸಾದ್ ಅವರನ್ನು ಆ ಪಂದ್ಯ ಕಂಡ ಕನ್ನಡಿಗರು ಯಾರೂ ಮರೆತಿಲ್ಲ. ಆ ಟೂರ್ನಿಯ ಹೆಸರು ವಿಲ್ಸ್ ವಿಶ್ವಕಪ್. ವಿಲ್ಸ್ ಒಂದು ಸಿಗರೇಟು. ತೊಂಬತ್ತರ ದಶಕದಲ್ಲಿ ಭಾರತ ತಂಡದ ಅಂಗಿಯ ಮೇಲೂ ಆ ಹೆಸರು ಇತ್ತು. ಅದೇ 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, ಗೋವಾದ ಶಾಲಾ ಮಕ್ಕಳ ಅಧ್ಯಯನವೊಂದು ಹೇಳಿದ್ದೇನೆಂದರೆ, ಸಿಗರೇಟು ಕಂಪನಿ ಪ್ರಾಯೋಜಿಸಿದ ಕ್ರಿಕೆಟ್ ಸರಣಿಯನ್ನು ನೋಡಿದ ಮಕ್ಕಳಲ್ಲಿ ತಂಬಾಕಿನ ರುಚಿ ನೋಡುವ ಒಲವು ಹೆಚ್ಚು. ಇಂದು ಮಗನಿಗೆ ಸಹವಾಸದ ಪಾಠ ಹೇಳುವ ಅನೇಕ ಅಪ್ಪಂದಿರು ಅಂದು ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದ ಹುಡುಗರು. ಅವರ ಕೆಟ್ಟ ಗೆಳೆಯ ಯಾರಾಗಿದ್ದ?

2003ರ ತಂಬಾಕು ನಿಯಂತ್ರಣ ಕಾಯ್ದೆ (ಕೋಟ್ಪಾ) ಆ ಬಗೆಯ ನೇರ ಜಾಹೀರಾತನ್ನು ನಿಲ್ಲಿಸಿತು, ಒಳ್ಳೆಯದಾಯಿತು. ಆದರೆ ಆಕರ್ಷಣೆ ಪೊಟ್ಟಣದೊಳಗೇ ಹೊಕ್ಕಿತು. ತುದಿಯನ್ನು ಅದುಮಿದರೆ ಪುದೀನದ ತಂಪು ಬಿಡುವ ಗುಳಿಗೆ ಇರುವ ಸಿಗರೇಟುಗಳು ನಮ್ಮ ಗೂಡಂಗಡಿಗಳಲ್ಲಿ ಧಾರಾಳ. ಇಪ್ಪತ್ತು ವರ್ಷದಿಂದ ಸೇದುತ್ತಿರುವ ಲಾರಿ ಚಾಲಕನಿಗೆ ಅದರ ಹಂಗಿಲ್ಲ. ಮೊದಲ ಕೆಮ್ಮಿಗೆ ಹೆದರುವವನಿಗೆ ಗಂಟಲು ತಣ್ಣಗೆ ಮಾಡಿಕೊಡುವುದು ಅದರ ಕೆಲಸ. ಐರೋಪ್ಯ ಒಕ್ಕೂಟ 2020ರ ಮೇ ತಿಂಗಳಲ್ಲಿ ಮೆಂಥಾಲ್ ಸಿಗರೇಟನ್ನು ನಿಷೇಧಿಸಿತು. ನಾವು ಹುಡುಗರ ನಡತೆಯ ಬಗ್ಗೆ ಚಿಂತಿಸುತ್ತಿದ್ದೇವೆ.

‘ಟೆನ್ಷನ್’ ಎಂಬ ಕಾರಣವನ್ನು ಮಾತ್ರ ಸೇದುವವರೂ ಬೈಯುವವರೂ ಒಟ್ಟಿಗೆ ಒಪ್ಪುತ್ತಾರೆ. ಪರೀಕ್ಷೆ, ಇಎಂಐ, ಮುರಿದ ಪ್ರೀತಿ, ರಾತ್ರಿ ಪಾಳಿ. ಸೇದಿದರೆ ಹಗುರಾಗುತ್ತದೆ ಎಂದು ಇವನು. ಟೆನ್ಷನ್ ತಡೆಯುವ ಶಕ್ತಿ ಈಗಿನವರಿಗಿಲ್ಲ ಎಂದು ಅವರು. ಇಬ್ಬರೂ ತಪ್ಪು. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ, ಡೋಪಮಿನ್ ಸುರಿಯುತ್ತದೆ, ನಿರಾಳ ಎನಿಸುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ಆಗ ಶುರುವಾಗುವ ಚಡಪಡಿಕೆ, ಸಿಡುಕು, ಏಕಾಗ್ರತೆ ತಪ್ಪುವುದು ಎಲ್ಲವೂ ಹಿಂದಿನ ಸಿಗರೇಟಿನ ಬಾಕಿ. ಮುಂದಿನ ಸಿಗರೇಟು ಆ ಬಾಕಿಯನ್ನಷ್ಟೇ ಕಳೆಯುತ್ತದೆ. ಸಾಲ ತೀರಿಸಲು ಅದೇ ಸಾಹುಕಾರನ ಬಳಿ ಮತ್ತೆ ಕೈಗಡ ತಂದು, ಎಂಥ ಉಪಕಾರಿ ಎಂದು ಹೊಗಳಿದ ಹಾಗೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 26 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ಫಲಿತಾಂಶ ಪ್ರಕಟಿಸಿತು. ಸಿಗರೇಟು ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಇಳಿದಿದ್ದವು, ಬಿಡದವರಲ್ಲಿ ಹಾಗಾಗಿರಲಿಲ್ಲ. ಒತ್ತಡ ನಿಜ, ಅದಕ್ಕೆ ಸಿಗರೇಟು ಮದ್ದು ಎಂಬುದು ಮಾತ್ರ ನಿಜವಲ್ಲ. ಇದನ್ನು ಹೇಳಬೇಕಾದ ಹಿರಿಯರು ‘ಟೆನ್ಷನ್ ಇದ್ರೆ ಸೇದಬೇಕಾ?’ ಎಂದು ಗದರಿ, ಸೇದಿದರೆ ಟೆನ್ಷನ್ ಹೋಗುತ್ತದೆ ಎಂಬ ಸುಳ್ಳನ್ನು ಪರೋಕ್ಷವಾಗಿ ಒಪ್ಪಿಬಿಡುತ್ತಾರೆ.

ಮನೋಬಲದ ಕತೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಯಾರ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಬಿಟ್ಟೇ ಉಳಿಯುವವರು ನೂರಕ್ಕೆ ಮೂವರಿಂದ ಐವರು. ಉಳಿದ ತೊಂಬತ್ತೈದು ಮಂದಿಯೂ ಹೇಡಿಗಳೇ? ವಿವೇಚನೆಗೆ ಸಂಬಂಧಿಸಿದ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ನಮ್ಮ ದೇಶದಲ್ಲಿ ತಂಬಾಕು ಶುರು ಮಾಡುವ ಸರಾಸರಿ ವಯಸ್ಸು, 2016–17ರ ಅದೇ ತಂಬಾಕು ಸಮೀಕ್ಷೆಯ ಪ್ರಕಾರ, 18.9. ಬೆಳೆಯುತ್ತಿರುವ ಮಿದುಳಿಗೆ ನಿಕೋಟಿನ್ ಹಿಡಿಸಿ, ಆಮೇಲೆ ಅದೇ ಮಿದುಳಿಗೆ ಸಂಯಮದ ಪರೀಕ್ಷೆ ಇಡುತ್ತೇವೆ.

ಹುಡುಗಿಯೊಬ್ಬಳು ಸೇದಿದರೆ ಈ ಸಿದ್ಧಾಂತದ ಮುಖವಾಡ ಪೂರ್ತಿ ಕಳಚುತ್ತದೆ. ಆಗ ಯಾರೂ ಶ್ವಾಸಕೋಶದ ಮಾತೆತ್ತುವುದಿಲ್ಲ. ಸಂಸ್ಕೃತಿ, ಮನೆತನ, ಚಾರಿತ್ರ್ಯ ಬರುತ್ತವೆ, ಯಾರದೋ ಮೊಬೈಲಿನಲ್ಲಿ ವಿಡಿಯೊ ಬರುತ್ತದೆ. ಇನ್ನೊಂದು ಕಡೆ, ಸಿಗರೇಟೇ ಹೆಣ್ಣಿನ ಬಿಡುಗಡೆಯ ಗುರುತು ಎಂಬ ವಾದವೂ ಮಾರುಕಟ್ಟೆಯದೇ. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರ ಕೈಗೆ ಸಿಗರೇಟು ಕೊಟ್ಟು, ಅವು ಸ್ವಾತಂತ್ರ್ಯದ ಪಂಜುಗಳೆಂದು ಪ್ರಚಾರ ಮಾಡಿಸಿದ ಎಡ್ವರ್ಡ್ ಬರ್ನೇಸ್‌ಗೆ ಸಂಬಳ ಬಂದದ್ದು ಅಮೆರಿಕನ್ ಟೊಬ್ಯಾಕೊ ಕಂಪನಿಯಿಂದ. ಇಂದು ನಮ್ಮ ನಗರದ ಹುಡುಗಿಗೆ ಒಂದು ಕಡೆ ಕಂಪನಿ ಕೊಟ್ಟ ಬಿಡುಗಡೆ, ಇನ್ನೊಂದು ಕಡೆ ಊರು ಕೊಡುವ ಛೀಮಾರಿ. ಬಿಡಬೇಕೆನಿಸಿದರೆ ವೈದ್ಯರ ಮುಂದೆ ಬಾಯಿ ಬಿಡಲೂ ಅವಳು ಹೆದರುತ್ತಾಳೆ. ನಾಚಿಕೆ ಅವಳನ್ನು ಸಿಗರೇಟಿನಿಂದ ದೂರ ಇಟ್ಟಿಲ್ಲ, ಚಿಕಿತ್ಸೆಯಿಂದ ದೂರ ಇಟ್ಟಿದೆ.

‘ಅದೇ ಹಾಸ್ಟೆಲ್, ಅದೇ ಕಚೇರಿ, ಅದೇ ಟೆನ್ಷನ್. ಸೇದದ ಹುಡುಗರೂ ಇದ್ದಾರಲ್ಲ? ಹಾಗಿದ್ದರೆ ಅದು ಅವರವರ ಆಯ್ಕೆಯಲ್ಲವೇ?’ ಈ ಆಕ್ಷೇಪ ಗಂಭೀರವಾದದ್ದು, ಉತ್ತರಿಸಲೇಬೇಕು. ಸೇದದವರು ಇದ್ದಾರೆ, ಅವರೇ ಹೆಚ್ಚು; ಕರ್ನಾಟಕದ ವಯಸ್ಕರಲ್ಲಿ ಧೂಮಪಾನಿಗಳು ಶೇ 8.8 ಎಂದು ಅದೇ ಸಮೀಕ್ಷೆ ಹೇಳಿತ್ತು. ಗುಂಡಿಬಿದ್ದ ರಸ್ತೆಯಲ್ಲೂ ಬಹಳ ಮಂದಿ ಬೀಳದೆ ಮನೆ ಸೇರುತ್ತಾರೆ ಎಂದು ಗುಂಡಿ ಮುಚ್ಚದೆ ಬಿಡುವ ಎಂಜಿನಿಯರನ್ನು ನಾವು ಒಪ್ಪುವುದಿಲ್ಲ. ಆಯ್ಕೆ ಎಂಬುದು ಸಿಗರೇಟು ಕಂಪನಿಗಳಿಗೆ ಬಲು ಪ್ರೀತಿಯ ಮಾತು ಎಂಬುದನ್ನೂ ಮರೆಯಬಾರದು. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಏಳು ತಂಬಾಕು ಕಂಪನಿಗಳ ಮುಖ್ಯಸ್ಥರು ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುವುದಿಲ್ಲ ಎಂದರು. ಚಟ ಅಲ್ಲವೆಂದಾದರೆ ಉಳಿಯುವುದು ಆಯ್ಕೆಯೇ ತಾನೆ? ನಮ್ಮಲ್ಲಿ ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡಬೇಕೆಂದುಕೊಂಡಿದ್ದಾರೆ. ಮಾಡಿದವನೇ ಅಳಿಸಬೇಕೆಂದು ಬಯಸಿಯೂ ಅಳಿಸಲಾಗದ್ದನ್ನು ಆಯ್ಕೆ ಎನ್ನುವುದು ಕ್ರೂರ ವಿನೋದ.

ಹಾಗಾದರೆ ಹೊಣೆ ಯಾರದು? ಬಿಡಿ ಸಿಗರೇಟಿನಿಂದಲೇ ಆರಂಭಿಸೋಣ. ಪೊಟ್ಟಣದ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆ ಇರಬೇಕೆಂಬ ನಿಯಮ 2016ರಲ್ಲಿ ಬಂತು. ಉದ್ಯಮ ಅದರ ವಿರುದ್ಧ ನಮ್ಮದೇ ಹೈಕೋರ್ಟಿನಲ್ಲಿ 2017ರ ಡಿಸೆಂಬರ್‌ನಲ್ಲಿ ಗೆದ್ದಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಇಷ್ಟೆಲ್ಲ ಹೋರಾಡಿ ಉಳಿಸಿಕೊಂಡ ಚಿತ್ರವನ್ನು ಒಂದೊಂದೇ ಕೊಳ್ಳುವ ವಿದ್ಯಾರ್ಥಿ ನೋಡುವುದೇ ಇಲ್ಲ, ಏಕೆಂದರೆ ಪೊಟ್ಟಣ ಅಂಗಡಿಯವನ ಬಳಿ ಉಳಿಯುತ್ತದೆ. ಇಡೀ ಪೊಟ್ಟಣಕ್ಕೆ ಹಣ ತೆರಬೇಕಾದಾಗ ಯೋಚಿಸುವವನು ಚಿಲ್ಲರೆಗೆ ಸಿಗುವುದಕ್ಕೆ ಯೋಚಿಸುವುದಿಲ್ಲ. ಇದು ಸರ್ಕಾರಕ್ಕೂ ಗೊತ್ತು. ಆದ್ದರಿಂದಲೇ ಕರ್ನಾಟಕ 2017ರಲ್ಲೇ ಬಿಡಿ ಮಾರಾಟವನ್ನು ನಿಷೇಧಿಸಿತು. ಯಾವುದೇ ಊರಿನ ಯಾವುದೇ ಬಸ್ ನಿಲ್ದಾಣದ ಎದುರು ನಿಂತು ಆ ನಿಷೇಧದ ಆಯಸ್ಸು ನೋಡಬಹುದು. ಈಗ ರಾಜ್ಯದ ತಿದ್ದುಪಡಿ ಕಾಯ್ದೆ ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದುವವರ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿದೆ. ವಯಸ್ಸು ಏರಿಸಿದ್ದು ಸರಿ. ಆದರೆ ದಂಡದ ರಸೀದಿ ಹರಿಯುವುದು ಸೇದುವವನ ಹೆಸರಿನಲ್ಲೇ ಹೆಚ್ಚು, ಮಾರುವ ಜಾಲದ ಹೆಸರಿನಲ್ಲಿ ಕಡಿಮೆ ಎಂದಾದರೆ ಅದು ಹಳೆಯ ಸಿದ್ಧಾಂತಕ್ಕೇ ಹೊಸ ದರಪಟ್ಟಿ.

ಸರ್ಕಾರದ ಇನ್ನೊಂದು ಕೈ ಏನು ಮಾಡುತ್ತಿದೆ ಎಂಬುದನ್ನೂ ನೋಡಬೇಕು. ಆರೋಗ್ಯ ಇಲಾಖೆ ತಂಬಾಕು ಬಿಡಿ ಎನ್ನುತ್ತದೆ. ವಾಣಿಜ್ಯ ಸಚಿವಾಲಯದ ತಂಬಾಕು ಮಂಡಳಿ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹರಾಜು ನಡೆಸುತ್ತದೆ. ಸರ್ಕಾರಿ ಒಡೆತನದ ಎಲ್‌ಐಸಿ ದೇಶದ ಅತಿದೊಡ್ಡ ಸಿಗರೇಟು ಕಂಪನಿಯಲ್ಲಿ ಶೇ 15ರ ಆಸುಪಾಸಿನ ಪಾಲು ಇಟ್ಟುಕೊಂಡು ಲಾಭಾಂಶ ಪಡೆಯುತ್ತದೆ. ತಂಬಾಕು ಹದಮಾಡುವ ಬ್ಯಾರನ್‌ನ ಬಿಸಿಯಲ್ಲಿ ಸೊಪ್ಪು ಬೇಯಿಸುವ ರೈತನನ್ನಾಗಲಿ ಗೂಡಂಗಡಿಯ ಬಡ ವ್ಯಾಪಾರಿಯನ್ನಾಗಲಿ ಖಳನಾಯಕ ಮಾಡುವುದು ನನ್ನ ಉದ್ದೇಶವಲ್ಲ. ಅವರಿಗೆ ಬೇರೆ ದಾರಿ ತೋರಿಸಬೇಕಾದವರು ತೋರಿಸಿಲ್ಲ. ಜೀವ ವಿಮೆಯ ಕಂತನ್ನೂ ಸಿಗರೇಟಿನ ಲಾಭವನ್ನೂ ಒಂದೇ ಬೊಕ್ಕಸಕ್ಕೆ ಹಾಕಿಕೊಳ್ಳುವ ವ್ಯವಸ್ಥೆ ಇಪ್ಪತ್ತರ ಹುಡುಗನಿಗೆ ಸಂಯಮ ಕಲಿಸಹೊರಡುವುದಕ್ಕೆ ನನ್ನ ತಕರಾರು.

ಬೇರೆ ದಾರಿ ಇದೆ, ಅದನ್ನು ನಡೆದು ತೋರಿಸಿದವರೂ ಇದ್ದಾರೆ. 1998ರಲ್ಲಿ ಐಸ್‌ಲ್ಯಾಂಡಿನ 15–16 ವಯಸ್ಸಿನ ಮಕ್ಕಳಲ್ಲಿ ದಿನವೂ ಸೇದುವವರು ಶೇ 23. 2016ರ ಹೊತ್ತಿಗೆ ಅದು ಶೇ 3ಕ್ಕೆ ಇಳಿಯಿತು. ಅಲ್ಲಿನವರು ಭಾಷಣ ಹೆಚ್ಚಿಸಲಿಲ್ಲ. ಸಂಜೆಯ ಹೊತ್ತಿಗೆ ಆಟ, ಸಂಗೀತ, ಕುಣಿತಕ್ಕೆ ಜಾಗ ಮಾಡಿ ಖರ್ಚಿಗೆ ನೆರವು ಕೊಟ್ಟರು, ಜಾಹೀರಾತು ಮುಚ್ಚಿಸಿದರು, ಅಪ್ಪ ಅಮ್ಮಂದಿರನ್ನು ಒಟ್ಟು ಸೇರಿಸಿದರು. ಅಮೆರಿಕದ ಫ್ಲಾರಿಡಾ 1998ರಲ್ಲಿ ಕ್ಯಾನ್ಸರಿನ ಭಯ ಬಿಟ್ಟು, ಕಂಪನಿಗಳು ನಿಮ್ಮನ್ನು ಹೇಗೆ ಆಡಿಸುತ್ತಿವೆ ನೋಡಿ ಎಂದು ಹರೆಯದವರಿಗೇ ಪುರಾವೆ ಬಿಚ್ಚಿಟ್ಟಿತು. ಎರಡೇ ವರ್ಷದಲ್ಲಿ ಶಾಲಾ ಮಕ್ಕಳ ಧೂಮಪಾನ ಗಣನೀಯವಾಗಿ ಕುಸಿಯಿತು. ಉಪದೇಶಕ್ಕೆ ಬಗ್ಗದ ವಯಸ್ಸು ಮೋಸಕ್ಕೆ ಸಿಟ್ಟಾಗುತ್ತದೆ.

ಸಹವಾಸಕ್ಕೂ ಇನ್ನೊಂದು ಮುಖವಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ 12,067 ಜನರ ನಂಟುಗಳನ್ನು 1971ರಿಂದ 2003ರವರೆಗೆ ಗಮನಿಸಿದ ಸಂಶೋಧಕರಾದ ಕ್ರಿಸ್ಟಾಕಿಸ್ ಮತ್ತು ಫೌಲರ್, ಜನ ಒಬ್ಬೊಬ್ಬರಾಗಿ ಅಲ್ಲ, ಗುಂಪುಗುಂಪಾಗಿ ಸಿಗರೇಟು ಬಿಟ್ಟರು ಎಂದು 2008ರಲ್ಲಿ ತೋರಿಸಿದರು. ಗೆಳೆಯ ಬಿಟ್ಟರೆ ಗೆಳೆಯ ಬಿಡುತ್ತಾನೆ. ಸೇದುವ ಹುಡುಗನನ್ನು ಗೆಳೆಯರಿಂದ ಕಿತ್ತು ಮನೆಯಲ್ಲಿ ಕೂಡಿಹಾಕುವ ತಂದೆ ತಾಯಿ, ಅವನು ಹೊರಬರಬಹುದಾಗಿದ್ದ ಬಾಗಿಲನ್ನೇ ಮುಚ್ಚುತ್ತಿರುತ್ತಾರೆ. ಅವನನ್ನೂ ಅವನ ಗೆಳೆಯರನ್ನೂ ಒಟ್ಟಿಗೆ ಕೂರಿಸಿ ನಿಮ್ಹಾನ್ಸ್‌ನ ಕ್ವಿಟ್‌ಲೈನಿಗೆ ಫೋನ್ ಹಚ್ಚಿಸಿದ್ದರೆ ಹೆಚ್ಚು ಫಲ ಸಿಗುತ್ತಿತ್ತು. ಪೊಟ್ಟಣದ ಮೇಲೇ ಅಚ್ಚಾಗಿರುವ 1800-11-2356 ಉಚಿತ ಸಂಖ್ಯೆ, ಕನ್ನಡದಲ್ಲೂ ಮಾತಾಡಬಹುದು. ಬಿಡಿಯಾಗಿ ಕೊಳ್ಳುವವನಿಗೆ ಆ ಸಂಖ್ಯೆಯೂ ಕಾಣದು.

ಪ್ರತಿವರ್ಷ ಮೇ 31ರಂದು, ವಿಶ್ವ ತಂಬಾಕು ರಹಿತ ದಿನದ ಹೆಸರಿನಲ್ಲಿ ವಿದ್ಯಾರ್ಥಿಗಳ ಕೈಗೆ ಫಲಕ ಕೊಟ್ಟು ಬಿಸಿಲಿನಲ್ಲಿ ಜಾಥಾ ಹೊರಡಿಸುವ ಪದ್ಧತಿಯಿದೆ. ಈ ಸಲ ಅದನ್ನು ಕೈಬಿಟ್ಟು, ಪ್ರತಿ ಕಾಲೇಜೂ ತನ್ನ ಗೇಟಿನಿಂದ ನೂರು ಗಜದೊಳಗೆ ಎಷ್ಟು ಕಡೆ ಬಿಡಿ ಸಿಗರೇಟು ಸಿಗುತ್ತದೆಂದು ಎಣಿಸಿ, ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಲಿ, ಒಂದು ಪ್ರತಿ ಪಾಲಿಕೆಗೂ ಪೊಲೀಸ್ ಠಾಣೆಗೂ ಹೋಗಲಿ. ಪ್ರತಿ ಕಂಪನಿಯೂ ಸಿಗರೇಟಿಲ್ಲದೆ ಎದ್ದು ಹೋಗಬಹುದಾದ ಹತ್ತು ನಿಮಿಷದ ಬಿಡುವು ತನ್ನಲ್ಲಿ ಎಷ್ಟು ಜನರಿಗಿದೆ ಎಂದು ಬರೆದು ತೋರಿಸಲಿ. ಎಲ್‌ಐಸಿ ತನ್ನ ಪಾಲನ್ನು ಯಾವಾಗ ಮಾರುತ್ತದೆಂದು ನಮ್ಮ ಸಂಸದರು ಕೇಳಲಿ. ಈ ಮೂರು ಉತ್ತರ ಬರುವವರೆಗೆ ಹುಡುಗರಿಗೆ ಬುದ್ಧಿ ಹೇಳುವ ಕೆಲಸಕ್ಕೆ ಧಾರಾಳವಾಗಿ ರಜೆ ಕೊಡಬಹುದು.